ಮೂರು ಮಾತ್ರೆಯ ಬಟ್ಟಲು

ಜೂನ್ 9, ಸೋಮವಾರ

ಬೆಳಗಿನ ಜಾವ ಕೆಟ್ಟ ಕನಸು. ಮಿಲ್ಲಿನಲ್ಲಿ ನನ್ನ ಹಳೇ ಮೇಜಿನ ಮುಂದೆ ನಿಂತಿದ್ದೇನೆ. ಬಿಳಿ ಬಟ್ಟೆ ಒಂದೇ ಸಮನೆ ಓಡಿ ಬರುತ್ತಿದೆ. ತೂತು, ಎಣ್ಣೆ ಕಲೆ, ಎಳೆ ತಪ್ಪಿದ್ದು ಕಂಡ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು, ಇಪ್ಪತ್ತೆರಡು ವರ್ಷ ಮಾಡಿದ ಕೆಲಸ. ಕೈಯಲ್ಲಿ ಸೀಮೆಸುಣ್ಣವೇ ಇಲ್ಲ. ಬಟ್ಟೆಯ ಆ ಕಡೆಯಿಂದ ಮಹದೇವ ಕೇಳುತ್ತಾನೆ, “ಅಪ್ಪಾ, ಪಂಕಜ ತಿಂಡಿ ತಿಂದ್ಲಾ?” ಎಚ್ಚರವಾದಾಗ ಬನಿಯನ್ ನೆಂದಿತ್ತು.

ಮಹದೇವ ನನ್ನ ಮಗ. ತೀರಿಹೋಗಿ ನಾಲ್ಕು ವರ್ಷ. ಪಂಕಜ ಅವನ ಹೆಂಡತಿ. ಅವನ ಕಾಯಿಲೆ ಯಾವುದೆಂದು ಗೊತ್ತಾದದ್ದು ಅವನು ಹಾಸಿಗೆ ಹಿಡಿದ ಮೇಲೆ. ಆಮೇಲೆ ಇವಳಿಗೂ ಇದೆ ಎಂದರು. ಮೊಮ್ಮಗಳು ಸಿಂಚನಾಳಿಗೆ ಇಲ್ಲ, ಅದೊಂದು ದೇವರು ಕೊಟ್ಟ ಭಿಕ್ಷೆ. ಕಾಯಿಲೆಯ ಹೆಸರನ್ನು ಇಲ್ಲಿ ಒಂದೇ ಸಲ ಬರೆಯುತ್ತೇನೆ, ಎಚ್‌ಐವಿ. ಇನ್ನು ಮುಂದೆ ‘ಅದು’ ಎಂದಷ್ಟೇ ಬರೆಯುತ್ತೇನೆ. ಸಿಂಚನಾಳ ಹೋದ ವರ್ಷದ ಗಣಿತದ ನೋಟ್‌ಬುಕ್ಕಿನ ಖಾಲಿ ಹಾಳೆಗಳಿವು. ಯಾರ ಕೈಗಾದರೂ ಸಿಕ್ಕಿದರೆ ಏನು ಗತಿ?

ನಾಳೆ ಆಸ್ಪತ್ರೆಯಲ್ಲಿ ಪಂಕಜಳ ರಕ್ತದ ರಿಪೋರ್ಟು ಕೊಡುತ್ತಾರೆ. ಆರು ತಿಂಗಳಿಂದ ಅವಳ ಮಾತ್ರೆಯ ಜವಾಬ್ದಾರಿ ನಾನೇ ವಹಿಸಿಕೊಂಡಿದ್ದೇನೆ. ಅವಳಿಗೆ ರಾತ್ರಿ ಗಾರ್ಮೆಂಟ್ಸಿನಲ್ಲಿ ಓ.ಟಿ. ಇದ್ದರೆ ಹೊತ್ತು ತಪ್ಪುತ್ತದೆ ಎಂದು ಬೆಳಗಿನ ಹೊತ್ತಿಗೆ ಬದಲಾಯಿಸಿದ್ದೂ ನಾನೇ. ಐದೂವರೆಗೆ ಎಬ್ಬಿಸಿ ಸ್ಟೀಲ್ ಬಟ್ಟಲಲ್ಲಿ ಇಟ್ಟು ಕೊಡುತ್ತೇನೆ. ಒಂದು ದಿನ ತಪ್ಪಿಸಿಲ್ಲ. ಆದ್ದರಿಂದ ಹೆದರಬೇಕಾಗಿಲ್ಲ. ಆದರೂ ಹೆದರಿಕೆ.

ಜೂನ್ 10, ಮಂಗಳವಾರ

ಕಾಮಾಕ್ಷಿಪಾಳ್ಯದಿಂದಲೇ ನೇರ ಬಸ್ಸಿದೆ. ಆದರೂ ಎರಡು ಸ್ಟಾಪು ಮುಂದಕ್ಕೆ ನಡೆದು ಹತ್ತಿದೆವು. ನಮ್ಮ ಸ್ಟಾಪಿನಲ್ಲಿ ಯಾರಾದರೂ “ಎಲ್ಲಿಗೆ ಯಜಮಾನ್ರೇ, ಸೊಸೆ ಜೊತೆ?” ಎಂದರೆ ಏನು ಹೇಳುವುದು? ಆಸ್ಪತ್ರೆಯಲ್ಲಿ ‘ಅದರ’ ಮಾತ್ರೆ ಕೊಡುವ ಎ.ಆರ್.ಟಿ. ಸೆಂಟರಿನ ಬೆಂಚಿನಲ್ಲಿ ಕೂರದೆ, ಮಾಸ್ಕ್ ಏರಿಸಿಕೊಂಡು ಹಲ್ಲಿನ ಡಾಕ್ಟರ ಕೋಣೆಯ ಮುಂದೆ ಕೂತಿದ್ದೆ. ಕಿಟಕಿಯ ಹುಡುಗ ಕೇಳಿದ, “ಪೇಷೆಂಟ್‌ಗೆ ನೀವೇನಾಗ್ಬೇಕು?”

“ಪರಿಚಯದವರು” ಎಂದೆ. ಪಂಕಜ ನನ್ನ ಕಡೆ ಒಂದು ಸಲ ನೋಡಿ ಚೀಲದ ಜಿಪ್ ಹಾಕಿದಳು.

ಕೌನ್ಸೆಲರ್ ಶಿಲ್ಪಾ ಮೇಡಂ ಒಳಗೆ ಕರೆದು ಬಾಗಿಲು ಹಾಕಿದರು.

“ಪಂಕಜಾ, ವೈರಲ್ ಲೋಡ್ ಹದಿನೆಂಟು ಸಾವಿರದ ಆರುನೂರು ಬಂದಿದೆ ಕಣಮ್ಮ. ಹೋದ ವರ್ಷ ಏನೂ ಇರ್ಲಿಲ್ಲ. ಸಾವಿರದ ಒಳಗಿರ್ಬೇಕು. ಸಿಡಿ ಫೋರೂ ನಾನೂರ ಮೂವತ್ತಿಂದ ಇನ್ನೂರ ಹನ್ನೆರಡಕ್ಕೆ ಬಿದ್ದಿದೆ. ಮಾತ್ರೆ ಬಿಡ್ತಾ ಇದೀಯಾ?”

“ಇಲ್ಲ ಮೇಡಂ. ನಮ್ಮಾವನ್ನೇ ಕೇಳಿ.”

“ಬೈಯಲ್ಲ, ನಿಜ ಹೇಳು. ಟಾರ್ಗೆಟ್ಟು, ಓ.ಟಿ., ಸುಸ್ತು, ನಂಗೂ ಗೊತ್ತಾಗುತ್ತೆ.”

“ಇಲ್ಲ ಅಂದ್ನಲ್ಲ ಮೇಡಂ.”

“ಬೇರೆ ಯಾವುದಾದ್ರೂ ಔಷಧಿ ತಗೋತಿದೀಯಾ? ನಾಟಿ, ಆಯುರ್ವೇದ, ಹೋಮಿಯೋಪತಿ?”

ಪಂಕಜ ಇಲ್ಲ ಎಂದಳು. ನಾನೂ ಇಲ್ಲ ಎಂದೆ. ನಿಜವೇ, ನಮ್ಮ ಮನೆಯಲ್ಲಿ ನಾಟಿ ಔಷಧಿ ಯಾರೂ ಕುಡಿಯುವುದಿಲ್ಲ.

ನನಗೆ ಅರ್ಥವಾದದ್ದು ಇಷ್ಟು. ಒಂದು ಲೆಕ್ಕ ಏರಬಾರದು, ಅದು ಹುಳುವಿನ ಲೆಕ್ಕ. ಇನ್ನೊಂದು ಇಳಿಯಬಾರದು, ಅದು ಮೈ ಕಾಯುವ ಕಣಗಳ ಲೆಕ್ಕ. ನಮ್ಮದು ಎರಡೂ ತಿರುವು ಮುರುವು. ಮೂರು ತಿಂಗಳು ಸರಿಯಾಗಿ ಮಾತ್ರೆ ತೆಗೆದುಕೊಂಡು ಮತ್ತೆ ಪರೀಕ್ಷೆ. ಆಗಲೂ ಇಳಿಯದಿದ್ದರೆ ಈ ಮಾತ್ರೆಯನ್ನು ಹುಳು ಗೆದ್ದಿದೆ ಎಂದು ಅರ್ಥ, ಬೇರೆ ಮಾತ್ರೆಗೆ ಹೋಗಬೇಕು. ಅದಾದ ಮೇಲೆ? ಕೇಳಲಿಲ್ಲ. ಮಹದೇವನಿಗೆ ಗೊತ್ತಾದಾಗ ಸಿಡಿ ಫೋರ್ ಮೂವತ್ತೆಂಟಿತ್ತು. ಇನ್ನೂರ ಹನ್ನೆರಡರಿಂದ ಮೂವತ್ತೆಂಟಕ್ಕೆ ಎಷ್ಟು ದಿನದ ದಾರಿ?

ನನಗೆ ಅರವತ್ತಾರು. ಸಿಂಚನಾಳಿಗೆ ಹದಿಮೂರು.

ಜೂನ್ 12, ಗುರುವಾರ

ಎರಡು ದಿನ ಯೋಚನೆ ಮಾಡಿದೆ. ನಾನು ಬಟ್ಟಲು ಕೊಡುತ್ತೇನೆ ನಿಜ. ನುಂಗುವುದನ್ನು ನೋಡಿದ್ದೇನೆಯೇ? ಇಲ್ಲ. ನಾನು ಒಲೆಯ ಕಡೆ ತಿರುಗಿರುತ್ತೇನೆ. ಮಿಲ್ಲಿನಲ್ಲಿ ಸೂಪರ್‌ವೈಸರ್ ಹೇಳುತ್ತಿದ್ದ ಮಾತು: ದೋಷವಿದ್ದರೆ ಕೈ ಬದಲಾದ ಜಾಗದಲ್ಲಿ ಹುಡುಕು.

ಈವತ್ತು ಬೆಳಿಗ್ಗೆ ಎದುರಿಗೇ ನಿಂತೆ. ನುಂಗಿದಳು. “ಬಾಯಿ ತೆಗಿ ಸ್ವಲ್ಪ” ಎಂದೆ.

“ಏನ್ ಮಾವ?”

“ನಾಲಿಗೆ ಎತ್ತು.”

ಎತ್ತಿದಳು. ಏನೂ ಇರಲಿಲ್ಲ. ನೀರಿನ ಲೋಟ ತೊಳೆದು ಕವುಚಿ ಹಾಕಿ, ಊಟದ ಡಬ್ಬಿ ತೆಗೆದುಕೊಂಡು ಗಾರ್ಮೆಂಟ್ಸ್ ವ್ಯಾನಿಗೆ ಹೋದಳು. ಹೋಗುವಾಗ ಬರ್ತೀನಿ ಎನ್ನಲಿಲ್ಲ.

ತಪ್ಪು ಮಾಡಿದೆ ಅನ್ನಿಸುತ್ತಿದೆ. ಆದರೆ ಬಿಟ್ಟರೆ ಹೇಗೆ?

ಜೂನ್ 13, ಶುಕ್ರವಾರ

ನಾಲಿಗೆ ನೋಡಿದೆ. ನುಂಗಿದ್ದಾಳೆ.

ಜೂನ್ 14, ಶನಿವಾರ

ನುಂಗಿದ್ದಾಳೆ. ನಾನು ಕೇಳುವ ಮೊದಲೇ ಬಾಯಿ ತೆರೆದು, “ಆಯ್ತಾ ಇನ್‌ಸ್ಪೆಕ್ಷನ್? ಪಾಸಾ ರಿಜೆಕ್ಟಾ?” ಎಂದಳು. ನಗುತ್ತ ಹೇಳಿದಳೋ ಅಳುತ್ತ ಹೇಳಿದಳೋ ತಿಳಿಯಲಿಲ್ಲ. ಮುಖ ಇಳಿದುಹೋಗಿದೆ. ತೂಕ ನಲವತ್ತೊಂದು.

ಜೂನ್ 22, ಭಾನುವಾರ

ಬಾಟಲಿಯ ಮಾತ್ರೆಗಳನ್ನು ತಟ್ಟೆಗೆ ಸುರಿದು ಎಣಿಸಿದೆ. ದಿನಕ್ಕೆ ಸರಿಯಾಗಿದೆ. ಮತ್ತೆ ಎಣಿಸಿದೆ. ಸರಿಯಾಗಿದೆ. ಹಾಗಾದರೆ ನುಂಗಿದ ಮೇಲೆ ಹೊರಗೆ ಹೋಗಿ ಕಕ್ಕುತ್ತಾಳೆಯೇ? ಇಂಥದ್ದೂ ಒಂದು ಯೋಚನೆ ಬರುತ್ತದೆ. ಬದುಕು ಸಾಕಾಗಿದೆಯೇ ಇವಳಿಗೆ?

ಪಕ್ಕದ ಮನೆಯ ಮುತ್ತವ್ವನನ್ನು ಸುತ್ತು ಬಳಸಿ ಕೇಳಿದೆ. ಮುತ್ತವ್ವ ಬಾಗಲಕೋಟೆ ಕಡೆಯವಳು, ಪಂಕಜಳ ಬ್ಯಾಚಿನಲ್ಲೇ ಮೆಷಿನ್ ಹೊಲಿಯುತ್ತಾಳೆ. “ನಮ್ಮ ಪಂಕಜ ವ್ಯಾನಲ್ಲಿ ವಾಂತಿ ಗೀಂತಿ ಮಾಡ್ಕೋತಾಳಾ?”

“ಯಾಕ್ರೀ ಕಾಕಾ, ಏನರೆ ವಿಶೇಷ ಐತೇನ್?” ಎಂದು ನಕ್ಕು, ತಕ್ಷಣ ನಾಲಿಗೆ ಕಚ್ಚಿಕೊಂಡಳು. “ಹೋಗ್ಲಿ ಬಿಡ್ರಿ, ಬಾಯಿ ತಪ್ಪಿ ಬಂತು. ಆಕಿ ಏನೂ ಮಾಡ್ಕೊಳ್ಳಂಗಿಲ್ಲ. ಊಟಾನೂ ಮಾಡಂಗಿಲ್ಲ ನೆಟ್ಟಗ. ಡಬ್ಬಿ ತಗದು ಎರಡ ತುತ್ತು, ಮುಚ್ಚಿದ್ಲು.”

ಡಬ್ಬಿ ಖಾಲಿಯಾಗಿ ಬರುತ್ತದಲ್ಲ? ಯಾರಿಗೆ ಕೊಡುತ್ತಾಳೆ? ಕೇಳಲು ಧೈರ್ಯ ಬರಲಿಲ್ಲ. ಇನ್ನೂ ಕೇಳಿದರೆ ಮುತ್ತವ್ವನಿಗೆ ಅನುಮಾನ ಬರುತ್ತದೆ.

ಜುಲೈ 6, ಭಾನುವಾರ

ಮೂರು ದಿನದಿಂದ ಸೊಂಟದ ಹತ್ತಿರ ಉರಿ ಎನ್ನುತ್ತಿದ್ದಳು. ಈವತ್ತು ಗುಳ್ಳೆ ಎದ್ದಿದೆ. ನೋವಿಗೆ ಸೀರೆ ತಾಗಿದರೂ ತಡೆಯಲಾರಳು. ಮುತ್ತವ್ವ ಒಳಗೆ ಹೋಗಿ ನೋಡಿ ಬಂದು ಹೇಳಿದಳು, “ಸರ್ಪಸುತ್ತು ಐತ್ರಿ ಕಾಕಾ. ಬಾಲ ತಲಿ ಕೂಡೂದ್ರೊಳಗ ಕೆಮ್ಮಣ್ಣಿನ್ಯಾಗ ಬರಸ್ರಿ. ಕೂಡ್ತಂದ್ರ ಭಾಳ ಕಷ್ಟ.”

ಮಾವನಾದವನು ಸೊಸೆಯ ಸೊಂಟ ನೋಡುವುದು ಹೇಗೆ? ಗಂಟೆಗೊಮ್ಮೆ ಸಿಂಚನಾಳನ್ನು ಒಳಗೆ ಕಳಿಸಿದೆ. “ಎಲ್ಲಿಂದ ಎಲ್ಲೀವರೆಗೆ ಇದೆ ನೋಡ್ಕೊಂಡ್ ಬಾ.” ಅವಳು ಬಂದು ತನ್ನ ಸೊಂಟದ ಮೇಲೆ ಬೆರಳಿಟ್ಟು ತೋರಿಸುತ್ತಾಳೆ. “ಇಲ್ಲಿಂದ ಇಲ್ಲಿಗೆ ತಾತ.” ನಡುವೆ ಇನ್ನೂ ಒಂದು ಗೇಣು ಉಳಿದಿದೆ. ಐದನೇ ಸಲಕ್ಕೆ ರೇಗಿದಳು. “ಅಮ್ಮನ್ನ ಸುಮ್ನೆ ಬಿಡು ತಾತ, ಅಳ್ತಾ ಇದಾಳೆ.”

ಕೆಮ್ಮಣ್ಣಿಗೆ ಯಾರನ್ನು ಹುಡುಕಲಿ ಎಂದು ಚಪ್ಪಲಿ ಮೆಟ್ಟಿದೆ. ಒಳಗಿನಿಂದ ಪಂಕಜ ಕೂಗಿದಳು, “ಮಾವ, ಮಣ್ಣು ಗಿಣ್ಣು ಬೇಡ. ಮಂಗಳವಾರ ಸೆಂಟರ್‌ಗೇ ಹೋಗೋಣ. ಅವರಿಗೆ ಗೊತ್ತಿರುತ್ತೆ.” ಇದು ‘ಅದು’ ಜೋರಾದ ಗುರುತು ಎಂದು ಅವಳಿಗೂ ಗೊತ್ತು. ಮಹದೇವನಿಗೂ ಮೊದಲು ಇದೇ ಎದ್ದಿತ್ತು. ಆಗ ನಾವು ಕೆಮ್ಮಣ್ಣು ಬರೆಸಿ, ವಾಸಿಯಾಯಿತೆಂದು ಸುಮ್ಮನಾಗಿದ್ದೆವು. ಒಂದೂವರೆ ವರ್ಷ ಸುಮ್ಮನಾಗಿದ್ದೆವು.

ಜುಲೈ 7, ಸೋಮವಾರ

ಶಿಲ್ಪಾ ಮೇಡಂಗೆ ಫೋನ್ ಮಾಡಿದೆ. ನಾಳೆ ಬರುವಾಗ ಮನೆಯಲ್ಲಿರುವ ಮಾತ್ರೆ, ಟಾನಿಕ್ಕು ಎಲ್ಲಾ ಒಂದು ಕವರಿನಲ್ಲಿ ಹಾಕಿಕೊಂಡು ಬನ್ನಿ ಎಂದರು. ಹಾಕಿಟ್ಟಿದ್ದೇನೆ. ಬಟ್ಟಲನ್ನೂ ಇಟ್ಟಿದ್ದೇನೆ, ನಾನು ಎಷ್ಟು ಕ್ರಮವಾಗಿ ಕೊಡುತ್ತೇನೆಂದು ತೋರಿಸಬಹುದು.

ಜುಲೈ 8, ಮಂಗಳವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಡಾಕ್ಟರು ಗುಳ್ಳೆ ನೋಡಿ ಸರ್ಪಸುತ್ತೇ ಎಂದರು, ದಿನಕ್ಕೆ ಐದು ಹೊತ್ತಿನ ಮಾತ್ರೆ ಬರೆದುಕೊಟ್ಟರು. ಆಮೇಲೆ ಶಿಲ್ಪಾ ಮೇಡಂ ನನ್ನ ಕವರನ್ನು ಮೇಜಿನ ಮೇಲೆ ಸುರಿದರು. ಎ.ಆರ್.ಟಿ. ಬಾಟಲಿ. ಐರನ್ ಮಾತ್ರೆಯ ಶೀಟು. ಕ್ಯಾಲ್ಸಿಯಂ ಡಬ್ಬಿ.

“ಇವೆರಡು ಯಾರದು?”

“ಪಂಕಜಂದೇ ಮೇಡಂ. ಶಕ್ತಿ ಮಾತ್ರೆ. ರಕ್ತ ಕಮ್ಮಿ, ಒಂಬತ್ತೂ ಇಲ್ಲ ಅಂತ ಡಿಸೆಂಬರಲ್ಲಿ ಅಂದ್ರಲ್ಲ, ಅದಕ್ಕೇ ಮೆಡಿಕಲ್ ಸ್ಟೋರಿಂದ ನಾನೇ ತಂದೆ. ಕ್ಯಾಲ್ಸಿಯಂ ನನ್ನ ಮಂಡಿಗೆ ಕೊಟ್ಟಿದ್ದು, ಇವಳಿಗೂ ಇರ್ಲಿ ಅಂತ.”

“ಯಾವಾಗ ಕೊಡ್ತೀರಾ?”

ಬಟ್ಟಲು ತೆಗೆದು ತೋರಿಸಿದೆ. “ಬೆಳಿಗ್ಗೆ ಐದೂವರೆಗೆ, ಮೂರನ್ನೂ ಇದರಲ್ಲಿ ಹಾಕಿ ಒಟ್ಟಿಗೆ. ಒಂದು ಮರೆತ್ರೂ ಗೊತ್ತಾಗಬೇಕಲ್ಲ ಅಂತ.”

“ತಿಂಡಿ ಆದ್ಮೇಲಾ?”

“ಇಲ್ಲ ಮೇಡಂ, ಖಾಲಿ ಹೊಟ್ಟೇಲಿ. ಐರನ್ನು ಖಾಲಿ ಹೊಟ್ಟೇಲಿ ತಗೊಂಡ್ರೇ ಮೈಗೆ ಹತ್ತೋದು ಅಂತ ಮೆಡಿಕಲ್ಲಿನವನು ಹೇಳ್ದ. ಇವಳು ತಿನ್ನೋದು ಏಳು ಗಂಟೆ ಮೇಲೆ.”

ಮೇಡಂ ಪೆನ್ನು ಕೆಳಗಿಟ್ಟರು. “ಆರು ತಿಂಗಳಿಂದಾನಾ?”

ಡಾಕ್ಟರನ್ನು ಕರೆದರು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಐರನ್ನೂ ಕ್ಯಾಲ್ಸಿಯಮ್ಮೂ ಹೊಟ್ಟೇಲೇ ಈ ಮಾತ್ರೇನ ಹಿಡ್ಕೊಂಡುಬಿಡುತ್ತೆ ಯಜಮಾನ್ರೇ. ಖಾಲಿ ಹೊಟ್ಟೇಲಿ ಒಟ್ಟಿಗೆ ಕೊಟ್ರೆ ಅರ್ಧ ಔಷಧಿ ರಕ್ತಕ್ಕೇ ಹೋಗಲ್ಲ. ಅವಳು ನುಂಗಿದಾಳೆ, ಮೈಗೆ ಸೇರಿಲ್ಲ.”

“ಹಂಗಾದ್ರೆ ನಾನೇ...”

“ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಕಾಯಿಲೆ ಯಾವಾಗ ಗೊತ್ತಾಯ್ತು, ಆಗ ಸಿಡಿ ಫೋರ್ ಎಷ್ಟಿತ್ತು, ಟಿಬಿ ಇದೆಯಾ, ರಕ್ತ ಎಷ್ಟಿದೆ, ತೂಕ ಎಷ್ಟು, ಹೊಟ್ಟೆಗೆ ಏನು ಬೀಳ್ತಿದೆ, ಎಲ್ಲಾ ಸೇರ್ಕೊಂಡೇ ಇದು ಮುಂದಕ್ಕೆ ಹೋಗೋದು, ನಿಲ್ಲೋದು. ಎಚ್‌ಐವಿ ಇರೋರು ಎಪ್ಪತ್ತೆಂಬತ್ತು ವರ್ಷ ಬದುಕ್ತಾರೆ, ಇದೆಲ್ಲಾ ಸರಿ ಇದ್ರೆ. ನಮ್ಮ ಕೈಲಿರೋದನ್ನ ಸರಿ ಮಾಡೋಣ. ಆ ಮಾತ್ರೆ ರಾತ್ರಿ ಊಟ ಆದ್ಮೇಲೆ. ಶಕ್ತಿ ಮಾತ್ರೆ ಬೆಳಿಗ್ಗೆ. ಮೂರು ತಿಂಗಳು ಬಿಟ್ಟು ನೋಡೋಣ.”

ಶಿಲ್ಪಾ ಮೇಡಂ ಪಂಕಜಳ ಕಡೆ ತಿರುಗಿದರು. “ಔಷಧಿ ತಗೋತೀಯಾ ಅಂತ ಕೇಳ್ದಾಗ ಯಾಕಮ್ಮ ಹೇಳ್ಲಿಲ್ಲ?”

“ಅದು ಔಷಧಿ ಅಲ್ಲವಲ್ಲ ಮೇಡಂ. ಶಕ್ತಿಗೆ.”

ಬಸ್ಸಿನಲ್ಲಿ ನಿಂತಿದ್ದೆ. ಏನೆಂದು ಕ್ಷಮೆ ಕೇಳುವುದು? ನಾಲಿಗೆ ಎತ್ತು ಎಂದ ಬಾಯಲ್ಲಿ? ಮೊದಲು ಅವಳೇ ಮಾತಾಡಿದಳು. “ಮಾವ, ಸೀಟ್ ಖಾಲಿ ಆಯ್ತು. ಕೂತ್ಕೊಳಿ, ಮಂಡಿ ನೋಯುತ್ತೆ.” ಸರ್ಪಸುತ್ತು ಎದ್ದ ಸೊಂಟ ಹಿಡಿದುಕೊಂಡು ಅವಳು ನಿಂತೇ ಬಂದಳು.

ಜುಲೈ 9, ಬುಧವಾರ

ನಾನೇ.

ಜುಲೈ 17, ಗುರುವಾರ

ಗುಳ್ಳೆ ಒಣಗುತ್ತಿದೆ. ಬಾಲ ತಲೆ ಕೂಡಲಿಲ್ಲ. ಕೂಡಿದರೂ ಏನೂ ಆಗುವುದಿಲ್ಲ, ಅದೆಲ್ಲ ಸುಳ್ಳು ಎಂದು ಡಾಕ್ಟರು ಹೇಳಿದರು. ಆದರೂ ಕೂಡಲಿಲ್ಲ ಎಂದು ಸಿಂಚನಾ ಹೇಳಿದ ದಿನ ಎರಡು ತುತ್ತು ಜಾಸ್ತಿ ಉಂಡೆ.

ಮಾತ್ರೆ ನಾನು ಮುಟ್ಟುತ್ತಿಲ್ಲ. ರಾತ್ರಿ ಅವಳೇ ತೆಗೆದುಕೊಳ್ಳುತ್ತಾಳೆ. ನಾನು ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ.

ಆಗಸ್ಟ್ 3, ಭಾನುವಾರ

ಡಬ್ಬಿಯ ವಿಷಯ ಗೊತ್ತಾಯಿತು. ಒಂದು ಲಿಂಬೆಹಣ್ಣು ಕೊಡಲು ಮುತ್ತವ್ವನ ಮನೆಗೆ ಹೋದಾಗ ಅವಳೇ ಹೇಳಿದಳು. ಪಂಕಜ ತನ್ನ ಡಬ್ಬಿಯ ಅನ್ನವನ್ನು ಹೊಸದಾಗಿ ಕೆಲಸಕ್ಕೆ ಸೇರಿದ ಬಸುರಿ ಹೆಂಗಸಿಗೆ ಹಾಕುತ್ತಾಳಂತೆ. “ನಿಮ್ಮ ಕೈ ಸಾರು ಅಂದ್ರ ಜೀವ ಬಿಡ್ತಾಳ ಆಕಿ” ಎಂದಳು.

ಮನೆಗೆ ಬಂದು ಬೈದೆ. ಎಷ್ಟೋ ದಿನದ ಮೇಲೆ ಬೈದೆ. “ನಿನ್ ಹೊಟ್ಟೆಗೆ ಬೀಳ್ಲಿ ಅಂತ ನಾನು ಮಾಡಿಕೊಟ್ರೆ ಊರಿಗೆಲ್ಲಾ ಹಂಚ್ತೀಯಾ? ತೂಕ ನಲವತ್ತೊಂದು ಕಣೇ! ಎಚ್‌ಐವಿ ಇರೋಳು ಊಟ ಬಿಟ್ರೆ ಏನಾಗುತ್ತೆ ಅಂತ ಡಾಕ್ಟರು ಹೇಳ್ಲಿಲ್ವಾ?” ಬಾಗಿಲು ತೆರೆದಿತ್ತು. ಪಂಕಜ ಎದ್ದು ಹೋಗಿ ಮುಚ್ಚಿದಳು.

“ಮೆಲ್ಲಗೆ ಮಾವ. ಇಡೀ ವಠಾರಕ್ಕೆ ಮೈಕ್ ಹಾಕ್ತೀರಾ?”

“ಕೇಳಿಸ್ಕೊಳ್ಲಿ!”

ಈಗ ಎರಡು ಡಬ್ಬಿ ಕಟ್ಟುತ್ತೇನೆ, ಒಂದು ಆ ಬಸುರಿಗೆ.

ಆಗಸ್ಟ್ 21, ಗುರುವಾರ

ಓ.ಟಿ. ಮುಗಿಸಿ ಬಂದು ಉಂಡವಳೇ ಗೋಡೆಗೆ ಒರಗಿ ನಿದ್ದೆ ಹೋದಳು. ಗಂಟೆ ಒಂಬತ್ತಾಯಿತು. ಮಾತ್ರೆ ತೆಗೆದುಕೊಂಡಿಲ್ಲ. ಎಬ್ಬಿಸಲೇ ಬೇಡವೇ, ಬಾಟಲಿ ಮುಟ್ಟಲೇ ಬೇಡವೇ ಎಂದು ನಿಂತೇ ಇದ್ದೆ. ಕಣ್ಣು ಮುಚ್ಚಿಕೊಂಡೇ ಅವಳು ಕೈ ಚಾಚಿದಳು.

“ಕೊಡಿ ಮಾವ. ನಂಗೆ ಏಳಕ್ಕಾಗಲ್ಲ.”

“ನಾನಾ?”

“ಇನ್ಯಾರು ಕೊಡ್ತಾರೆ?”

ಕೊಟ್ಟೆ. ಬಾಟಲಿಯ ಹೆಸರನ್ನು ಮೂರು ಸಲ ಓದಿ ಕೊಟ್ಟೆ.

ಸೆಪ್ಟೆಂಬರ್ 19, ಶುಕ್ರವಾರ

ತೂಕ ನಲವತ್ತಮೂರೂವರೆ. ಇದು ಒಳ್ಳೆಯ ಲೆಕ್ಕವೋ, ಊಟ ಮಾಡಿ ತೂಗಿದ್ದರಿಂದಲೋ?

ಮೈಗೆ ಅರ್ಧ ಔಷಧಿ ಸಿಕ್ಕ ಆರು ತಿಂಗಳಲ್ಲಿ ಹುಳು ಪಾಠ ಕಲಿತುಬಿಟ್ಟಿದ್ದರೆ? ಮಾತ್ರೆಗೆ ಬಗ್ಗದ ಹುಳುವಾಗಿದ್ದರೆ? ಹಾಗೆ ಆಗುವುದುಂಟೇ ಎಂದು ಶಿಲ್ಪಾ ಮೇಡಂಗೆ ಫೋನಿನಲ್ಲಿ ಕೇಳಿದೆ. “ಆಗಬಹುದು, ಈ ಮಾತ್ರೇಲಿ ಅಪರೂಪ” ಎಂದರು. ಅಪರೂಪ ಎಂದರೆ ಎಷ್ಟು ಜನಕ್ಕೆ ಒಬ್ಬರು? ಎಷ್ಟಾದರೂ ಆ ಒಬ್ಬರು ಯಾರದೋ ಮನೆಯವರೇ.

ಅಕ್ಟೋಬರ್ 14, ಮಂಗಳವಾರ

ರಕ್ತ ಕೊಟ್ಟು ಬಂದೆವು. ನಮ್ಮ ಸ್ಟಾಪಿನಲ್ಲೇ ಬಸ್ಸು ಹತ್ತಿದೆವು. ಸೆಂಟರಿನಲ್ಲಿ ಮುಂದಿನ ಬೆಂಚಿನಲ್ಲಿ ಜಾಗ ಸಿಕ್ಕಿದ್ದು ಪುಣ್ಯ, ಮಂಡಿ ಮಡಿಸಲು ಆಗುತ್ತಿರಲಿಲ್ಲ. ಪಕ್ಕದಲ್ಲಿ ಕೆಂಗೇರಿ ಕಡೆಯ ಒಬ್ಬ ಆಟೋದವನು ಐರನ್ ಶೀಟು ಹಿಡಿದುಕೊಂಡಿದ್ದ. ಯಾವಾಗ ತಗೋತೀಯಪ್ಪ, ಯಾವುದರ ಜೊತೆ ತಗೋತೀಯ ಎಂದು ವಿಚಾರಿಸಿ, ಆ ಶೀಟನ್ನು ಒಳಗೆ ಡಾಕ್ಟರಿಗೆ ತೋರಿಸು ಎಂದು ಹೇಳಿದೆ. “ನೀವು ಇಲ್ಲಿ ಸ್ಟಾಫಾ ಸಾರ್?” ಎಂದ.

ಕಿಟಕಿಯಲ್ಲಿ ಹೊಸ ಹುಡುಗಿ. “ಪೇಷೆಂಟ್‌ಗೆ ಏನಾಗ್ಬೇಕು?”

“ಅವರಪ್ಪ” ಎಂದೆ. “ಬೇಗ ಬರೆದುಕೊಳ್ಳಮ್ಮ, ಮಗಳು ಹಸ್ಕೊಂಡಿದಾಳೆ.”

ಮೂರು ವಾರ ಕಾಯಬೇಕು.

ಅಕ್ಟೋಬರ್ 27, ಸೋಮವಾರ

ಏನೂ ಇಲ್ಲ. ಕಾಯುವುದು.

ನವೆಂಬರ್ 4, ಮಂಗಳವಾರ

ರಿಪೋರ್ಟು ಬಂತು. ಹುಳು ಕಾಣಿಸಿಲ್ಲ ಎಂದು ಬಂದಿದೆ. ಶಿಲ್ಪಾ ಮೇಡಂ ಎದ್ದು ನಿಂತು ಪಂಕಜಳ ಎರಡೂ ಕೈ ಹಿಡಿದುಕೊಂಡರು. ಪಂಕಜ ಅತ್ತಳು, ಆಮೇಲೆ ನನಗೆ, “ಪಾಸಾ ರಿಜೆಕ್ಟಾ ಮಾವ?” ಎಂದಳು. ಬರುವಾಗ ವಿಜಯನಗರದಲ್ಲಿ ಇಳಿದು ಬೆಣ್ಣೆ ದೋಸೆ ತಿಂದಳು, ಎರಡು. ಸಿಂಚನಾಳಿಗೆ ಒಂದು ಕಟ್ಟಿಸಿದಳು. ನಾಲ್ಕು ವರ್ಷದಲ್ಲಿ ಅವಳು ಹೀಗೆ ಜೋರಾಗಿ ಮಾತಾಡಿದ್ದು ನಾನು ಕೇಳಿಲ್ಲ. ಮುಂದಿನ ವರ್ಷ ಮಗಳನ್ನು ಯಾವ ಟ್ಯೂಷನ್ನಿಗೆ ಹಾಕಬೇಕು ಎಂದು ದಾರಿಯುದ್ದಕ್ಕೂ ಅದೇ.

ನಾನೂ ನಕ್ಕೆ. ಮನೆಗೆ ಬಂದು ಕನ್ನಡಕ ಹಾಕಿಕೊಂಡು ರಿಪೋರ್ಟಿನ ಜೆರಾಕ್ಸನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದೆ. ಪಂಕಜಾ, ಹೆಣ್ಣು, ವಯಸ್ಸು 46.

ನಮ್ಮ ಪಂಕಜಳಿಗೆ ಮೂವತ್ತಾರು.

ಪೇಷೆಂಟ್ ನಂಬರಿನ ಕೊನೆಯ ಮೂರು ಅಂಕಿ ಜೆರಾಕ್ಸಿನಲ್ಲಿ ಮಸಿಯಾಗಿ ಹೋಗಿದೆ.

ನವೆಂಬರ್ 5, ಬುಧವಾರ

ಮೂರನ್ನು ನಾಲ್ಕು ಎಂದು ಒತ್ತಿರಬಹುದು. ಇರಬಹುದು. ಕೈ ತಪ್ಪು ಯಾರಿಗೆ ಆಗುವುದಿಲ್ಲ, ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಆದರೆ ಪಂಕಜಾ ಎನ್ನುವ ಹೆಸರನ್ನು ಈ ಊರಿನಲ್ಲಿ ಇವಳೊಬ್ಬಳಿಗೇ ಇಟ್ಟಿಲ್ಲ. ನಲವತ್ತಾರು ವರ್ಷದ ಇನ್ನೊಬ್ಬ ಪಂಕಜಾ ಇದ್ದು, ಈ ಒಳ್ಳೆಯ ರಿಪೋರ್ಟು ಅವಳದಾಗಿದ್ದರೆ? ನಮ್ಮದು ಯಾವ ಫೈಲಿನಲ್ಲಿ ಕೂತಿದೆ? ಮಾತ್ರೆ ಸರಿಯಾಗಿ ತಗೋತಿಲ್ಲ ಎಂದು ಆ ಹೆಂಗಸಿಗೆ ಈಗ ಯಾರಾದರೂ ಬಾಯಿ ತೆಗಿ, ನಾಲಿಗೆ ಎತ್ತು ಎನ್ನುತ್ತಿದ್ದರೆ?

ಬೆಳಗಿನಿಂದ ಹನ್ನೊಂದು ಸಲ ಫೋನ್ ಮಾಡಿದೆ. ಈವತ್ತು ಸೆಂಟರಿಗೆ ರಜೆ. ಪಂಕಜಳಿಗೆ ಹೇಳಿಲ್ಲ. ಬೆಳಿಗ್ಗೆ ಹಾಡು ಗುನುಗುತ್ತ ತಲೆ ಬಾಚಿಕೊಳ್ಳುತ್ತಿದ್ದಳು, ಹೇಗೆ ಹೇಳಲಿ? ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ನಾನೊಬ್ಬನೇ ಹೋಗುತ್ತೇನೆ. ಅಲ್ಲಿ ನಿಂತರೆ ಹೇಳಬೇಕಾದ್ದು ಮರೆತುಹೋಗುತ್ತದೆ, ಅದಕ್ಕೆ ಚೀಟಿ ಬರೆದಿಟ್ಟಿದ್ದೇನೆ. ಮೂರು ಸಲ ಹರಿದು ಬರೆದದ್ದು ಇದು:

ಶಿಲ್ಪಾ ಮೇಡಂ ಅವರಿಗೆ ನಾರಾಯಣಪ್ಪನ ನಮಸ್ಕಾರ. ಮಂಗಳವಾರ ಕೊಟ್ಟ ರಿಪೋರ್ಟಿನಲ್ಲಿ ನನ್ನ ಮಗಳು ಪಂಕಜಳ ವಯಸ್ಸು ನಲವತ್ತಾರು ಎಂದಿದೆ. ಅವಳಿಗೆ ಮೂವತ್ತಾರು. ನಿಮ್ಮ ಮೇಲೆ ನಂಬಿಕೆ ಇಲ್ಲವೆಂದಲ್ಲ, ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ದೊಡ್ಡ ರಿಜಿಸ್ಟರ್ ಪುಸ್ತಕ ತೆಗೆದು, ಅವಳ ನಂಬರಿನ ಕೊನೆಯ ಮೂರು ಅಂಕಿ ಒಂದೇ ಒಂದು ಸಲ ಮತ್ತೆ ನೋಡಿ ಹೇಳಿ.